ಹೆಸರಿಗಿಂತ ಮೊದಲು ಕೆಲಸವನ್ನು ಕೇಳುವ ಕೆತ್ತನೆ ಅಂಗಡಿ

ಹಾಸನದ ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ, ಸ್ಟೀಲ್ ಪಾತ್ರೆಗಳಿಗೆ ಹೆಸರು ಹಾಕಿಕೊಡುವುದರಿಂದ ಆರಂಭಿಸಿ ಈಗ ನಾಮಫಲಕ, ಸ್ಮರಣಿಕೆ, ಮಾನಪತ್ರಗಳವರೆಗೆ ಕೆಲಸವನ್ನು ವಿಸ್ತರಿಸಿಕೊಂಡಿರುವ ಪುಟ್ಟ ಕೆತ್ತನೆ ಅಂಗಡಿಯೊಂದಿದೆ. ಊರಿನವರು ಇಂದಿಗೂ ಅದನ್ನು ‘ಪಾತ್ರೆಗೆ ಹೆಸರು ಹಾಕುವ ಅಂಗಡಿ’ ಎಂದೇ ಗುರುತಿಸುತ್ತಾರೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಚಾರಣಾಸಕ್ತರ ನಮ್ಮ ಬಳಗವು ಅಂತರರಾಷ್ಟ್ರೀಯ ಪರ್ವತ ದಿನವಾದ ಡಿಸೆಂಬರ್ 11ರಂದು ಪರ್ವತಾರೋಹಣ, ಬಂಡೆ ಏರುವಿಕೆ ಮತ್ತು ಬೆಟ್ಟಗಳ ಸಂರಕ್ಷಣೆಯಲ್ಲಿ ದುಡಿದ ಮೂವರನ್ನು ಸನ್ಮಾನಿಸಲು ನಿರ್ಧರಿಸಿದಾಗ ಸ್ಮರಣಿಕೆಗಳನ್ನು ಇಲ್ಲಿಯೇ ಮಾಡಿಸಿದೆವು. ಇಂಥ ಸಮಾರಂಭಗಳನ್ನು ಏರ್ಪಡಿಸುವ ಇತರರಿಗೆ ಉಪಯೋಗವಾಗಲೆಂದು ಆ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ. ಕೆಲಸದ ನಯದಲ್ಲಿ ಇದಕ್ಕಿಂತ ಉತ್ತಮವಾದ ಅಂಗಡಿಗಳು ಬೆಂಗಳೂರಿನಲ್ಲಿ ಸಿಕ್ಕಾವು. ಆದರೆ ಸನ್ಮಾನಕ್ಕೆ ಕಾರಣವಾದ ಕೆಲಸ ಏನೆಂದು ತಿಳಿದುಕೊಳ್ಳದೆ ಒಂದಕ್ಷರವನ್ನೂ ಕೆತ್ತದ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಕಡೆಯ ಸನ್ಮಾನ ಹೇಗಿರುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಮೈಸೂರು ಪೇಟ, ಶಾಲು, ಹಾರ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಕೊನೆಗೆ ಕೈಗೊಂದು ಅಕ್ರಿಲಿಕ್ ಫಲಕ. ಆ ಫಲಕದಲ್ಲಿ ಕಾರ್ಯಕ್ರಮದ ಹೆಸರು, ಉದ್ಘಾಟಕರ ಹೆಸರು, ಪ್ರಾಯೋಜಕರ ಚಿಹ್ನೆ ದೊಡ್ಡದಾಗಿರುತ್ತವೆ. ಸನ್ಮಾನಿತರ ಹೆಸರಿನ ಕೆಳಗೆ ‘ಅಪ್ರತಿಮ ಸಾಧಕರು’ ಎಂದಷ್ಟೇ ಇರುತ್ತದೆ. ಹತ್ತು ವರ್ಷಗಳ ನಂತರ ಆ ಮನೆಯ ಶೋಕೇಸಿನಲ್ಲಿ ಅದನ್ನು ನೋಡಿದ ಮೊಮ್ಮಗಳಿಗೆ ಅಜ್ಜಿ ಏನು ಮಾಡಿದ್ದರು ಎಂಬುದು ಮಾತ್ರ ತಿಳಿಯುವುದಿಲ್ಲ. ಹಿಂದೊಮ್ಮೆ ಬೇರೊಂದು ಊರಿನ ಅಂಗಡಿಯಲ್ಲಿ ಫಲಕ ಮಾಡಿಸಿದಾಗ, ಮಲೆನಾಡಿನ ಹುಲ್ಲುಗಾವಲನ್ನು ಕಾಯ್ದ ವ್ಯಕ್ತಿಗೆ ಯೂರೋಪಿನ ಯಾವುದೋ ಹಿಮಶಿಖರದ ಚಿತ್ರವನ್ನು ಅಚ್ಚು ಹಾಕಿ ಕೊಟ್ಟಿದ್ದರು. ಅದನ್ನು ವೇದಿಕೆಯ ಮೇಲೆ ಕೈಗಿಡುವಾಗ ನನಗಾದ ಸಂಕಟ ಇನ್ನೂ ಹೋಗಿಲ್ಲ.

ಈ ಅಂಗಡಿಯ ಮಾಲೀಕರು ಅರವತ್ತು ದಾಟಿದವರು. ಅವರೇನೂ ಚಾರಣಕ್ಕೆ ಹೋಗುವವರಲ್ಲ. ಆದರೂ ನಾವು ಕೊಟ್ಟ ಚೀಟಿಯನ್ನು ಓದಿದ ಕೂಡಲೇ ಅವರು ಕೇಳಿದ ಪ್ರಶ್ನೆಗಳು ನಮ್ಮನ್ನು ಮತ್ತೆ ಕಡತ ತೆರೆಯುವಂತೆ ಮಾಡಿದವು. ಪರ್ವತಾರೋಹಣಕ್ಕಾಗಿ ನಾವು ಆಯ್ದುಕೊಂಡಿದ್ದ ಯುವತಿ ಲಡಾಖಿನ ಮಾರ್ಖಾ ಕಣಿವೆಯ ಕಾಂಗ್ ಯಾತ್ಸೆಯನ್ನು ಏರಿದ್ದರು ಎಂದು ಚೀಟಿಯಲ್ಲಿತ್ತು. ಕಾಂಗ್ ಯಾತ್ಸೆ ಎಂಬ ಹೆಸರಿನಲ್ಲಿ ಎರಡು ಶಿಖರಗಳಿವೆ: ಮೊದಲನೆಯದು ಸುಮಾರು 6,400 ಮೀಟರ್ ಎತ್ತರದ್ದು, ಕಡಿದಾದ ಏಣಿನ ಮೇಲೆ ಹಗ್ಗ ಕಟ್ಟಿಕೊಂಡು ಸಾಗಬೇಕಾದದ್ದು, ಎರಡನೆಯದು ಸುಮಾರು 6,250 ಮೀಟರ್ ಎತ್ತರದ್ದು, ಹಿಮದ ಇಳಿಜಾರನ್ನು ಹಿಡಿದು ಏರಬಹುದಾದದ್ದು. ಬಹುಪಾಲು ತಂಡಗಳು ಹೋಗುವುದು ಎರಡನೆಯದಕ್ಕೆ. ಎತ್ತರವನ್ನು ಹಾಕಬೇಕಲ್ಲ, ಯಾವುದು ಸರಿ ಎಂದು ಮಾಲೀಕರು ಮೊಬೈಲಿನಲ್ಲಿ ಹುಡುಕಿ ಎರಡು ಅಂಕಿಗಳನ್ನು ತೋರಿಸಿದ ಮೇಲೆ ಆ ಯುವತಿಗೆ ಫೋನ್ ಮಾಡಿದೆವು. ಅವರು ಕ್ಷಣವೂ ತಡೆಯದೆ ‘ಎರಡನೆಯದು, ದಯವಿಟ್ಟು ಹಾಗೆಯೇ ಹಾಕಿಸಿ’ ಎಂದರು. ಏರಿದವರಿಗೆ ಆ ವ್ಯತ್ಯಾಸ ಎಷ್ಟು ಮುಖ್ಯವೆಂಬುದು ಆ ದನಿಯಲ್ಲೇ ಇತ್ತು.

ಇದು ಅನಗತ್ಯವಾದ ಸೂಕ್ಷ್ಮವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಪರ್ವತಾರೋಹಣದಲ್ಲಿ ಸಾಧನೆಯೆಂಬುದು ಎಲ್ಲಿಗೆ ತಲುಪಿದರು ಎನ್ನುವುದರಲ್ಲಿ ಎಷ್ಟಿದೆಯೋ ಹೇಗೆ ತಲುಪಿದರು ಎನ್ನುವುದರಲ್ಲೂ ಅಷ್ಟೇ ಇದೆ. 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ನಿಂತ ಎವರೆಸ್ಟಿನ ತುದಿಯಲ್ಲಿಯೇ 1978ರಲ್ಲಿ ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ನಿಂತರು. ಆದರೆ ಅವರು ಆಮ್ಲಜನಕದ ಸಿಲಿಂಡರಿಲ್ಲದೆ ಅಲ್ಲಿಗೆ ತಲುಪಿದ ಮೊದಲಿಗರಾದ್ದರಿಂದ ಅದು ಬೇರೆಯದೇ ಸಾಧನೆಯಾಯಿತು. 1991ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ‘ಪಿಯೊಲೆ ದೋರ್’, ಅಂದರೆ ಚಿನ್ನದ ಹಿಮಗೊಡಲಿ ಪ್ರಶಸ್ತಿಯು ಇಂದು ಶಿಖರದ ಎತ್ತರಕ್ಕಿಂತ ಏರಿದ ಬಗೆಗೇ ಹೆಚ್ಚು ಬೆಲೆ ಕೊಡುತ್ತದೆ. ಯಾರೂ ಹೋಗದ ದಾರಿ, ಸಣ್ಣ ತಂಡ, ಕನಿಷ್ಠ ಸಲಕರಣೆ, ಜೊತೆಗಾರರ ಬಗ್ಗೆ ಮತ್ತು ಪರ್ವತದ ಬಗ್ಗೆ ಗೌರವ ಇವನ್ನೆಲ್ಲ ಅಲ್ಲಿ ತೂಗಿನೋಡುತ್ತಾರೆ. ತಮ್ಮ ಪ್ರಾಣವನ್ನು ಪಣಕ್ಕಿಟ್ಟು ಇತರ ಆರೋಹಿಗಳನ್ನು ಉಳಿಸಿದವರಿಗಾಗಿಯೇ ಅಲ್ಲಿನ ಪರ್ವತಾರೋಹಿಗಳ ಸಂಘವಾದ ಅಮೆರಿಕನ್ ಆಲ್ಪೈನ್ ಕ್ಲಬ್ ಒಂದು ಪ್ರಶಸ್ತಿಯನ್ನು ಇಟ್ಟಿದೆ. 1996ರ ಎವರೆಸ್ಟ್ ದುರಂತದ ರಾತ್ರಿ ಬಿರುಗಾಳಿಯಲ್ಲಿ ಒಬ್ಬಂಟಿಯಾಗಿ ಹೊರಬಿದ್ದು ಸಹ ಆರೋಹಿಗಳನ್ನು ಶಿಬಿರಕ್ಕೆ ಕರೆತಂದ ಅನಾತೋಲಿ ಬುಕ್ರೀವ್ ಅವರಿಗೆ 1997ರಲ್ಲಿ ಅದು ಸಂದಿತು. ಇಂಥ ಸಾಧನೆಗಳಿಗೆಲ್ಲ ‘ಅಪ್ರತಿಮ ಸಾಧಕರು’ ಎಂಬ ಒಂದೇ ಮಾತನ್ನು ಬರೆದರೆ ಯಾರು ಯಾವುದಕ್ಕಾಗಿ ಗೌರವ ಪಡೆದರು ಎಂಬುದೇ ಅಳಿಸಿಹೋಗುತ್ತದೆ.

ಹೆಸರುಗಳ ವಿಷಯದಲ್ಲೂ ಮಾಲೀಕರ ಪ್ರಶ್ನೆಯೊಂದಿತ್ತು. ಜೊತೆಗೆ ಯಾರಿದ್ದರು ಎಂದು ಅವರು ಕೇಳಿದಾಗ, ಲಡಾಖಿನ ಮಾರ್ಗದರ್ಶಕ ಮತ್ತು ಅಡುಗೆಯವರ ಹೆಸರುಗಳನ್ನು ಆ ಯುವತಿಯಿಂದಲೇ ಪಡೆದು ಫಲಕದ ಹಿಂಬದಿಯಲ್ಲಿ ಕೆತ್ತಿಸಿದೆವು. ಇದಕ್ಕೆ ಉದಾತ್ತವಾದ ಹಿಂದಿನ ಉದಾಹರಣೆಯೊಂದಿದೆ. 1922ರಲ್ಲಿ ಎವರೆಸ್ಟ್ ಏರಲು ಪ್ರಯತ್ನಿಸಿ ತುದಿ ತಲುಪದೆ ಮರಳಿದ ಬ್ರಿಟಿಷ್ ತಂಡಕ್ಕೆ 1924ರ ಶಾಮೊನಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪರ್ವತಾರೋಹಣದ ಪದಕಗಳನ್ನು ನೀಡಿದಾಗ, ಆ ಯಾತ್ರೆಯ ಹಿಮಕುಸಿತದಲ್ಲಿ ಪ್ರಾಣ ಕಳೆದುಕೊಂಡ ಏಳು ಮಂದಿ ಹೊರೆಯಾಳುಗಳಿಗೂ ಮರಣೋತ್ತರವಾಗಿ ಪದಕ ಸಂದಿತ್ತು. ನೂರು ವರ್ಷಗಳ ಹಿಂದೆ ತೋರಿದ ಆ ಔದಾರ್ಯವನ್ನು ನಾವು ಇಂದು ಒಂದು ಸಾಲಿನ ಜಾಗ ಉಳಿಸಲೆಂದು ಕೈಬಿಡಬಾರದು.

ಬಂಡೆ ಏರುವಿಕೆಯ ಫಲಕದ ಕೆಲಸ ಸುಲಭವಾಗಿ ಮುಗಿಯಿತು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಏರಿದ ಹುಡುಗ ಮಾರ್ಗದ ಹೆಸರು, ಅದರ ಕಠಿಣತೆಯ ಶ್ರೇಣಿ, ದಿನಾಂಕ ಎಲ್ಲವನ್ನೂ ತಾನೇ ಬರೆದುಕೊಟ್ಟಿದ್ದ. ಮೇಲಿನಿಂದ ಮೊದಲೇ ಹಗ್ಗ ಇಳಿಬಿಟ್ಟು ಏರುವುದಕ್ಕೂ, ಕೆಳಗಿನಿಂದ ಹಗ್ಗವನ್ನು ತಾನೇ ಒಯ್ಯುತ್ತ ಬಂಡೆಯಲ್ಲಿ ನೆಟ್ಟ ಬೋಲ್ಟಿನಿಂದ ಬೋಲ್ಟಿಗೆ ಸಿಕ್ಕಿಸುತ್ತ ಏರುವುದಕ್ಕೂ ವ್ಯತ್ಯಾಸವಿರುವುದರಿಂದ, ಎರಡನೆಯದನ್ನು ಸೂಚಿಸುವ ‘ಲೀಡ್’ ಎಂಬ ಪದವನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡೆವು.

ಹೆಚ್ಚು ಸಮಯ ಹಿಡಿದದ್ದು ಮೂರನೆಯ ಫಲಕ. ಕೇಂದ್ರ ಸರ್ಕಾರದ ತೇನ್‌ಸಿಂಗ್ ನೋರ್ಗೆ ರಾಷ್ಟ್ರೀಯ ಸಾಹಸ ಪ್ರಶಸ್ತಿಯಲ್ಲಿ ಭೂಮಿ, ಜಲ, ವಾಯು ಮತ್ತು ಜೀವಮಾನ ಸಾಧನೆ ಎಂಬ ವಿಭಾಗಗಳಿವೆಯೇ ಹೊರತು ಪರ್ವತಗಳ ಸಂರಕ್ಷಣೆಗೆಂದು ಬೇರೆ ವಿಭಾಗವಿಲ್ಲ. ಅಮೆರಿಕನ್ ಆಲ್ಪೈನ್ ಕ್ಲಬ್ ಆರೋಹಣದ ಪ್ರಶಸ್ತಿಗಳ ಪಕ್ಕದಲ್ಲೇ, ಆರೋಹಿಯೂ ಪರಿಸರ ಹೋರಾಟಗಾರರೂ ಆಗಿದ್ದ ಡೇವಿಡ್ ಬ್ರೋವರ್ ಅವರ ಹೆಸರಿನಲ್ಲಿ ಸಂರಕ್ಷಣೆಯ ಪ್ರಶಸ್ತಿಯನ್ನೂ ಕೊಡುತ್ತದೆ. ಅದನ್ನು ಕಂಡು ನಮ್ಮ ಬಳಗವೂ ಈ ವಿಭಾಗವನ್ನು ಸೇರಿಸಿತ್ತು. ಅದಕ್ಕೆ ಆಯ್ಕೆಯಾದವರು ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಶ್ರೇಣಿಯಲ್ಲಿ ಬಹುಕಾಲ ಕೆಲಸ ಮಾಡಿದ ಒಬ್ಬ ಅರಣ್ಯ ವೀಕ್ಷಕರು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಸೇರಿದಂತೆ ಈ ಶ್ರೇಣಿಯ ನೆತ್ತಿಯೆಲ್ಲ ಹುಲ್ಲುಗಾವಲು, ಕಣಿವೆಗಳ ಮಡಿಲಲ್ಲಿ ಶೋಲಾ ಎಂಬ ನಿತ್ಯಹಸಿರಿನ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ತೊರೆಗಳಿಗೆ ಬಿಡುವುದು ಈ ಎರಡರ ಜೋಡಿ. ಬಯಲುಸೀಮೆಗೆ ಹರಿಯುವ ವೇದಾವತಿಯ ಮೂಲವೂ ಇಲ್ಲಿಯೇ. ಜನವರಿಯ ನಂತರ ಹುಲ್ಲು ಒಣಗಿದಾಗ ಒಂದು ಬೀಡಿಯ ಕಿಡಿ ಸಾಕು. ಹುಲ್ಲು ಮುಂದಿನ ಮಳೆಗೆ ಚಿಗುರೀತು, ಆದರೆ ಬೆಂಕಿ ನುಗ್ಗಿದ ಶೋಲಾದ ಅಂಚು ಅಷ್ಟು ಬೇಗ ಮರಳುವುದಿಲ್ಲ. ಮಳೆಗಾಲ ಮುಗಿದ ಮೇಲೆ ಬೆಂಕಿರೇಖೆ ಸವರುವುದು, ಅಂದರೆ ಬೆಂಕಿ ಹಬ್ಬದಂತೆ ಹುಲ್ಲಿನ ಪಟ್ಟಿಯನ್ನು ತೆಗೆಯುವುದು, ಹೊಗೆ ಕಂಡಲ್ಲಿಗೆ ಹಸಿರು ಸೊಪ್ಪು ಹಿಡಿದು ಓಡುವುದು, ನೀಲಕುರಿಂಜಿ ಅರಳಿದ 2022ರಂಥ ವರ್ಷಗಳಲ್ಲಿ ಗಿಡ ಕೀಳುವವರನ್ನು ತಡೆಯುವುದು ಅವರ ಕೆಲಸವಾಗಿತ್ತು.

ನಾವು ಬರೆದುಕೊಟ್ಟ ಒಕ್ಕಣೆಯಲ್ಲಿ ಒಂದು ದೊಡ್ಡ ಕಾಳ್ಗಿಚ್ಚನ್ನು ಅವರು ನಂದಿಸಿದ ಪ್ರಸಂಗವಷ್ಟೇ ಇತ್ತು. ಅದನ್ನು ಓದಿದ ಮಾಲೀಕರು, ‘ಬೆಂಕಿ ಆರಿಸಿದ್ದನ್ನ ಬರ್ದಿದ್ದೀರಿ ಸಾರ್, ಬೀಳದ ಹಾಗೆ ನೋಡ್ಕೊಂಡ ವರ್ಷಗಳನ್ನ ಎಲ್ಲಿ ಬರೀತೀರಿ?’ ಎಂದು ಕೇಳಿದರು. ಸಂರಕ್ಷಣೆಯ ಗೌರವದಲ್ಲಿರುವ ತೊಡಕು ಪೂರ್ತಿ ಆ ಒಂದು ಪ್ರಶ್ನೆಯಲ್ಲಿದೆ. ಶಿಖರ ಏರಿದ್ದಕ್ಕೆ ದಿನಾಂಕವಿದೆ, ಛಾಯಾಚಿತ್ರವಿದೆ. ಬೆಟ್ಟ ಸುಡದೆ ಉಳಿದ ಬೇಸಿಗೆಗೆ ಇವೆರಡೂ ಇರುವುದಿಲ್ಲ. ಇದೇ ಜಿಲ್ಲೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಆ ದಿನಾಂಕ ದಾಖಲೆಗಳಲ್ಲಿದೆ. ಆದರೆ ಅದರ ಹಿಂದೆ ವರ್ಷಗಟ್ಟಲೆ ಅರ್ಜಿ ಬರೆದವರು, ಹೊಳೆಯ ಕೆಸರುನೀರನ್ನು ತೋರಿಸುತ್ತ ಊರೂರು ಅಲೆದವರು ಎಷ್ಟು ವೇದಿಕೆಗಳನ್ನು ಹತ್ತಿದರು? ಕೊನೆಗೆ ವೀಕ್ಷಕರ ಫಲಕದಲ್ಲಿ ಅವರು ಕಾಯ್ದ ಬೆಟ್ಟಗಳ ಹೆಸರುಗಳನ್ನು, ಸೇವೆಗೆ ಸೇರಿದ ಮತ್ತು ನಿವೃತ್ತರಾದ ವರ್ಷಗಳನ್ನು, ಪ್ರತಿವರ್ಷ ಬೆಂಕಿರೇಖೆ ಸವರಿದ ಗುಡ್ಡಗಳ ಸಾಲನ್ನು ಬರೆಸಿದೆವು. ನಂದಿಸಿದ ಬೆಂಕಿಗೆ ಕೊನೆಯ ಸಾಲು ಸಾಕಾಯಿತು.

ಹೀಗೆ ವಿವರವಾಗಿ ಬರೆಯುವುದು ಈ ನೆಲಕ್ಕೆ ಹೊಸದೇನಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನವು ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ದತ್ತಿಯಾಗಿ ಕೊಟ್ಟದ್ದರ ದಾಖಲೆ. ಯಾರಿಗೆ, ಯಾವ ಕೆಲಸಕ್ಕೆ, ಯಾರ ಎದುರಿನಲ್ಲಿ, ಏನನ್ನು ಕೊಡಲಾಯಿತು ಎಂಬುದೆಲ್ಲ ಹದಿನಾರು ಸಾಲುಗಳಲ್ಲಿ ಅಡಕವಾಗಿದೆ. ಅಂಗಡಿಯ ಗೋಡೆಯ ಮೇಲೆ ಆ ಶಾಸನದ ಚಿತ್ರವೊಂದು ತೂಗುತ್ತಿರುವುದು ಆಕಸ್ಮಿಕವಲ್ಲವೆಂದು ನನ್ನ ನಂಬಿಕೆ.

ಇನ್ನು ವಸ್ತುವಿನ ಬಗ್ಗೆ. ಬೆಟ್ಟ ಉಳಿಸಿದವರಿಗೆ ಪ್ಲಾಸ್ಟಿಕ್ ಕೊಡುವುದು ನಮಗೆ ಬೇಡವಾಗಿತ್ತು. ಬೀಟೆ ಮರ ಬೇಕೆಂದು ನಮ್ಮಲ್ಲೊಬ್ಬರು ಹೇಳಿದ್ದಕ್ಕೆ ಮಾಲೀಕರೇ ಒಪ್ಪಲಿಲ್ಲ. ವಯಸ್ಸಾಗಿ ತೋಟಗಳಲ್ಲಿ ಕಿತ್ತುಹಾಕಿದ ಕಾಫಿ ಗಿಡಗಳ ಬೊಡ್ಡೆಗಳನ್ನು ತಂದು ನೆರಳಲ್ಲಿ ಒಣಗಿಸಿ ಅವರು ಫಲಕ ಮಾಡುತ್ತಾರೆ. ಕಾಫಿ ಮರ ಗಟ್ಟಿ, ನೂಲು ಬಿಗಿ, ಹೊಳಪು ಕೊಟ್ಟಾಗ ತಿಳಿ ಜೇನಿನ ಬಣ್ಣ ಬರುತ್ತದೆ. ಅಡಿಪೀಠಕ್ಕೆ ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಗಳ ಕಲ್ಲಿನ ಜಾತಿಯದೇ ಆದ ಇದರಲ್ಲಿ ಸಣ್ಣ ಅಕ್ಷರವೂ ಒಡೆಯದೆ ಮೂಡುತ್ತದೆ. ಅಕ್ಷರಗಳನ್ನು ಹಿತ್ತಾಳೆಯ ತಗಡಿನ ಮೇಲೆ ಯಂತ್ರದಿಂದ ಕೆತ್ತಿ ಅಂಚುಗಳನ್ನು ಕೈಯಿಂದ ತಿದ್ದುತ್ತಾರೆ.

ಕನ್ನಡದ ಅಕ್ಷರಗಳ ವಿಷಯದಲ್ಲಿ ಅವರ ಎಚ್ಚರವನ್ನು ವಿಶೇಷವಾಗಿ ಹೇಳಬೇಕು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಾಯಿಸಿ ಯಂತ್ರಕ್ಕೆ ಕೊಡುವಾಗ ಅರ್ಕಾವತ್ತು ಜಾರುವುದು, ಒತ್ತಕ್ಷರ ಬಿಡಿಯಾಗಿ ನಿಲ್ಲುವುದು ಸಾಮಾನ್ಯ. ‘ಪರ್ವತ’ದಂಥ ಪದಕ್ಕೇ ಈ ಅಪಾಯ ಹೆಚ್ಚು. ಅವರು ಕೆತ್ತುವ ಮುನ್ನ ಕಾಗದದ ಮೇಲೆ ಪೂರ್ಣ ಗಾತ್ರದ ಪ್ರತಿ ತೆಗೆದು, ನಮ್ಮಿಂದ ಜೋರಾಗಿ ಓದಿಸಿ, ಸಹಿ ಪಡೆದ ನಂತರವೇ ಯಂತ್ರ ಚಾಲೂ ಮಾಡಿದರು.

ಕೊರತೆಗಳೂ ಇವೆ. ಅವರ ಬಳಿ ಇರುವ ಅಕ್ಷರವಿನ್ಯಾಸಗಳು ಎರಡು ಮೂರಷ್ಟೇ. ಹಿಂಬದಿಯ ಹೆಸರುಗಳು ತೀರ ತೆಳುವಾಗಿ ಬಂದಿದ್ದು, ಬೆಳಕಿಗೆ ಹಿಡಿದೇ ಓದಬೇಕು. ಬಾದಾಮಿಯ ಹುಡುಗನ ಫಲಕದ ಮರ ಸಾಕಷ್ಟು ಒಣಗಿರದ ಕಾರಣ ಕೆಲವೇ ವಾರಗಳಲ್ಲಿ ಮೂಲೆಯಲ್ಲಿ ಸೀಳು ಬಿಟ್ಟಿತು. ತಿಳಿಸಿದಾಗ ಮರು ಮಾತಾಡದೆ ಬೇರೆ ಮರಕ್ಕೆ ತಗಡನ್ನು ಕೂರಿಸಿಕೊಟ್ಟರು. ಆದರೆ ಮರದ ಹದವನ್ನು ಮೊದಲೇ ನೋಡುವುದು ಅವರ ಹೊಣೆಯಾಗಿತ್ತು. ಮಾನಪತ್ರದ ಕಾಗದ ಮತ್ತು ಚೌಕಟ್ಟು ಸಾಧಾರಣ. ಅದನ್ನು ಬೇರೆಡೆ ಮಾಡಿಸುವುದು ಮೇಲು. ಬೆಲೆ ಅಕ್ರಿಲಿಕ್ ಫಲಕದ ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ಹಾರ ಮತ್ತು ಹಣ್ಣಿನ ಬುಟ್ಟಿಗಳನ್ನು ಕೈಬಿಟ್ಟು ನಾವು ಆ ಹಣವನ್ನು ಹೊಂದಿಸಿದೆವು. ಇದಕ್ಕೆ ಸನ್ಮಾನಿತರಲ್ಲಿ ಯಾರಿಗೂ ಬೇಸರವಾಗಲಿಲ್ಲ.

ಹೋಗುವವರು ಸನ್ಮಾನಿತರ ದೂರವಾಣಿ ಸಂಖ್ಯೆಯನ್ನು ಇಟ್ಟುಕೊಂಡೇ ಹೋಗಬೇಕು, ಏಕೆಂದರೆ ಸ್ಥಳ, ದಿನಾಂಕ, ಜೊತೆಗಾರರ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಖಚಿತಪಡಿಸಿಕೊಳ್ಳುವುದನ್ನು ಮಾಲೀಕರು ಬಿಡುವುದಿಲ್ಲ. ಕನಿಷ್ಠ ಮೂರು ವಾರಗಳ ಸಮಯ ಬೇಕು. ನವೆಂಬರ್ ಇಡೀ ರಾಜ್ಯೋತ್ಸವದ ಸ್ಮರಣಿಕೆಗಳಿಂದ, ಜನವರಿಯ ನಂತರ ಶಾಲಾ ವಾರ್ಷಿಕೋತ್ಸವಗಳ ಶೀಲ್ಡುಗಳಿಂದ ಅಂಗಡಿ ತುಂಬಿರುವುದರಿಂದ, ಡಿಸೆಂಬರಿನ ಪರ್ವತ ದಿನಕ್ಕೆ ಮಾಡಿಸುವವರು ದಸರಾ ಮುಗಿಯುತ್ತಿದ್ದಂತೆ ಒಕ್ಕಣೆಯೊಂದಿಗೆ ಹೋಗುವುದು ಕ್ಷೇಮ.