ತಿರುವಯ್ಯಾರಿನ ಆರಾಧನೆಗೆ ‘ಪಾಸ್’ ಕೊಡಿಸುತ್ತೇವೆ ಎಂದರೆ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ತಂಜಾವೂರಿನ ಹತ್ತಿರದ ತಿರುವಯ್ಯಾರಿನಲ್ಲಿ ಕೀರ್ತನೆಗಳನ್ನು ರಚಿಸಿದ ತ್ಯಾಗರಾಜರ ಸಮಾಧಿ ಇದೆ. ಪ್ರತಿ ವರ್ಷ ಅವರ ಪುಣ್ಯತಿಥಿಗೆ ಅಲ್ಲಿ ನಡೆಯುವ ಆರಾಧನೆಯಲ್ಲಿ ಸಂಗೀತ ಕೇಳಲು ಟಿಕೆಟ್ ಇಲ್ಲ. ತಂಜಾವೂರಿನ ದೊಡ್ಡ ದೇವಸ್ಥಾನಕ್ಕೆ, ಅಂದರೆ ಬೃಹದೀಶ್ವರ ದೇವಸ್ಥಾನಕ್ಕೆ, ಪ್ರವೇಶ ಶುಲ್ಕ ಇಲ್ಲ. ಈ ಎರಡಕ್ಕೂ ನಾವು ಐದು ಜನ ದುಡ್ಡು ಕೊಟ್ಟೆವು. ದುಡ್ಡು ಹೋದದ್ದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ, ಅದನ್ನು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅಮ್ಮನಿಗೆ ಈಗ 71. ಮದುವೆಯಾಗಿ ಕಾಸರಗೋಡಿನ ಬದಿಯಡ್ಕದ ಕಡೆಗೆ ಬಂದ ಮೇಲೆ ಸಂಗೀತ ಕಲಿತವರು. ವಾರಕ್ಕೆರಡು ದಿನ ಬಸ್ಸು ಹಿಡಿದು ಪಾಠಕ್ಕೆ ಹೋಗಿ, ಬಂದು ಹಟ್ಟಿ ಕೆಲಸ, ಅಡಿಗೆ ಕೆಲಸ ಎಲ್ಲ ಮುಗಿಸಿ, ರಾತ್ರಿ ಜಗಲಿಯಲ್ಲಿ ಕೂತು ಸಾಧಕ ಮಾಡುತ್ತಿದ್ದರು. ತ್ಯಾಗರಾಜರ ಪಂಚರತ್ನ ಕೀರ್ತನೆ ಐದೂ ಅವರಿಗೆ ಬಾಯಿಪಾಠ. ಒಂದೊಂದು ಒಂದೊಂದು ರಾಗದಲ್ಲಿ: ನಾಟ, ಗೌಳ, ಆರಭಿ, ವರಾಳಿ, ಶ್ರೀ. ನಮ್ಮ ಕಡೆಯ ಆರಾಧನೆಗಳಲ್ಲಿ ಎಷ್ಟೋ ಸಲ ಗೋಷ್ಠಿಗಾಯನದಲ್ಲಿ ಎಲ್ಲರ ಜೊತೆ ಕೂತು ಹಾಡಿದ್ದಾರೆ. ಒಮ್ಮೆ ಸಮಾಧಿಯ ಎದುರೇ ಕೂತು ನಾಟದಿಂದ ಶ್ರೀ ರಾಗದವರೆಗೆ ಹಾಡಬೇಕು ಎಂಬುದೊಂದೇ ಅವರ ಆಸೆ. ಅದಕ್ಕೆಂದೇ 2025ರ ಜನವರಿಯಲ್ಲಿ ಹೊರಟೆವು. ಅಮ್ಮ, ಚಿಕ್ಕಮ್ಮ, ನಾನು, ಹೆಂಡತಿ, ಹತ್ತು ವರ್ಷದ ಮಗಳು.

ಮೂರು ದಿನದ ಪ್ಯಾಕೇಜ್ ಎಂದು ಒಂದು ಪೋಸ್ಟರ್ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಒಬ್ಬರಿಗೆ 9,500 ರೂಪಾಯಿ. ಆರಾಧನೆಗೆ ವಿಐಪಿ ಪಾಸ್, ಕಾವೇರಿ ದಡದಲ್ಲಿ ವಸತಿ, ಕಾರು, ಚೋಳರ ಮೂರು ದೇವಸ್ಥಾನ, ತಂಜಾವೂರಿನ ಅರಮನೆ, ‘ಸಾವಿರ ವರ್ಷ ಹಳೆಯ ಚೋಳ ವರ್ಣಚಿತ್ರಗಳ ದರ್ಶನ’, ‘ಹೆಸರಾಂತ ವಿದ್ವಾಂಸರ ಪೂರ್ಣ ಕಚೇರಿ’, ಜೊತೆಗೆ ಗೈಡು. ವಯಸ್ಸಾದವರು ಇದ್ದಾರೆ, ಎಲ್ಲ ಒಂದೇ ಕೈಯಲ್ಲಿ ಆಗುತ್ತದಲ್ಲ ಎಂದು ನನಗೆ ಅನಿಸಿತು.

ಆ ಪೋಸ್ಟರಿನಲ್ಲೇ ಒಂದು ತಪ್ಪಿತ್ತು. ಆರಾಧನೆ ಜನವರಿ 30ಕ್ಕೆ ಎಂದು ಹಾಕಿದ್ದರು. ಅಮ್ಮ ಗೋಡೆಯ ಮೇಲಿನ ಪಂಚಾಂಗ ತೆಗೆದು ನೋಡಿ, “ಪುಷ್ಯ ಬಹುಳ ಪಂಚಮಿ 18ಕ್ಕೆ ಅಲ್ವಾ ಮಗಾ?” ಎಂದರು. ಹೌದು, 18ಕ್ಕೇ. ತ್ಯಾಗರಾಜರು ತೀರಿಕೊಂಡದ್ದು 1847ರ ಜನವರಿ 6ಕ್ಕೆ. ಆದರೆ ಆರಾಧನೆ ನಡೆಯುವುದು ಆ ದಿನದ ತಿಥಿಯಾದ ಪುಷ್ಯ ಬಹುಳ ಪಂಚಮಿಯ ಪ್ರಕಾರ. ಹಾಗಾಗಿ ತಾರೀಕು ಪ್ರತಿ ವರ್ಷ ಸರಿಯುತ್ತದೆ. 2023ರಲ್ಲಿ ಜನವರಿ 11, 2024ರಲ್ಲಿ ಜನವರಿ 30, 2025ರಲ್ಲಿ ಜನವರಿ 18. ಇವರು ಹಿಂದಿನ ವರ್ಷದ ಪೋಸ್ಟರನ್ನೇ ವರ್ಷ ಬದಲಿಸಿ ಹಂಚಿದ್ದರು. ಫೋನಿನಲ್ಲಿ ಕೇಳಿದಾಗ “ಹೌದು ಸರ್, ಟೈಪ್ ಮಾಡುವಾಗ ತಪ್ಪಾಗಿದೆ” ಎಂದರು. ನಾನೂ ಸುಮ್ಮನಾದೆ. ಅಲ್ಲಿಯೇ ಕೈಬಿಡಬೇಕಿತ್ತು. ಆರಾಧನೆಯ ದಿನವೇ ಗೊತ್ತಿಲ್ಲದವರು ಅಲ್ಲಿಗೆ ಯಾರನ್ನು, ಹೇಗೆ ಕರೆದುಕೊಂಡು ಹೋದಾರು?

ದುಡ್ಡು ಹೋದದ್ದು ಯುಪಿಐ ಮೂಲಕ, ಯಾರದೋ ಖಾಸಗಿ ಖಾತೆಗೆ. ಬಿಲ್ಲು ಕೇಳಿದೆ, “ಬಂದ ಮೇಲೆ ಕೊಡುತ್ತೇವೆ” ಎಂದರು.

ಕಾಸರಗೋಡಿನಿಂದ ಪಾಲಕ್ಕಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ 17ರಂದು ತಿರುಚ್ಚಿಯಲ್ಲಿ ಇಳಿದೆವು. ರೈಲಿನ ಟಿಕೆಟ್ ನಾವೇ ಮಾಡಿಸಿದ್ದು, ಅದೊಂದು ಮಾತ್ರ ಸರಿಯಾಯಿತು. ಸ್ಟೇಷನ್ನಿಗೆ ಕಾರು ಬಂತು. ತಂಜಾವೂರಿನ ಕಡೆ ಹೊರಡುತ್ತದೆ ಎಂದುಕೊಂಡರೆ ಕಾಲು ಗಂಟೆಯಲ್ಲಿ ಒಂದು ಲಾಡ್ಜಿನ ಎದುರು ನಿಂತಿತು. ಶ್ರೀರಂಗದ ಹತ್ತಿರ. ಕೇಳಿದರೆ “ಕಾವೇರಿ ದಡವೇ ಸಾರ್ ಇದು” ಎಂದು ಡ್ರೈವರ್ ಕೈ ತೋರಿಸಿದ. ಕಾವೇರಿ ಇದ್ದದ್ದು ನಿಜ. ಆದರೆ ಅಲ್ಲಿಂದ ತಿರುವಯ್ಯಾರಿಗೆ ಸುಮಾರು ಒಂದೂವರೆ ಗಂಟೆ ದಾರಿ. ತಂಜಾವೂರಿನಲ್ಲಿ ಉಳಿದಿದ್ದರೆ ಬರೀ 13 ಕಿಲೋಮೀಟರ್. ಪೋಸ್ಟರಿನಲ್ಲಿ ಊರಿನ ಹೆಸರೇ ಇರಲಿಲ್ಲ, ನಾನೂ ಕೇಳಿರಲಿಲ್ಲ. ದಯವಿಟ್ಟು ಲಾಡ್ಜಿನ ಹೆಸರು, ಊರು ಕೇಳಿ ತಿಳಿದುಕೊಳ್ಳಿ. ನೀವೇ ಅಲ್ಲಿಗೆ ಫೋನ್ ಮಾಡಿ, ನಿಮ್ಮ ಹೆಸರಲ್ಲಿ ಕೋಣೆ ಇದೆಯಾ ಎಂದು ಕೇಳಿ. ಆಮೇಲೆ ಮುಂಗಡ ಕೊಡಿ.

ಮರುದಿನ ಬೆಳಿಗ್ಗೆ ಅಮ್ಮ ನಾಲ್ಕಕ್ಕೇ ಎದ್ದು ಮಿಂದು, ಹಸಿರು ಅಂಚಿನ ಪಟ್ಟೆ ಸೀರೆ ಉಟ್ಟು ಕೂತಿದ್ದರು. ಆರಕ್ಕೆ ಬರುತ್ತೇನೆಂದ ಡ್ರೈವರ್ ಬಂದದ್ದು ಏಳೂವರೆ ಆಗುವಾಗ. ಪಾಸ್ ಇದೆಯಲ್ಲ, ಅವಸರ ಯಾಕೆ ಎಂಬುದು ಅವನ ಮಾತು. ದಾರಿಯಲ್ಲಿ ಐದು ಕಾರ್ಡು ಕೈಗೆ ಕೊಟ್ಟ. ತಿರುವಯ್ಯಾರಿನಲ್ಲಿ ಗಾಡಿಗಳನ್ನು ದೂರದಲ್ಲೇ ನಿಲ್ಲಿಸುತ್ತಿದ್ದರು. ಇಳಿದು ನಡೆದೆವು. ಪೆಂಡಾಲು ಕಾಣುವಾಗ ಒಂಬತ್ತು ದಾಟಿತ್ತು. ಮೈಕಿನಲ್ಲಿ ನಾಟ ಶುರುವಾಯಿತು.

ಅಮ್ಮನ ಕಾಲು ಬೇಗ ಬೇಗ ಓಡಿತು. ಪೆಂಡಾಲಿನ ಅಂಚಿನಲ್ಲಿ ಜಾಗ ಇತ್ತು. ಜನ ನೆಲದಲ್ಲೇ ಕೂತು, ಕೂತಲ್ಲಿಂದಲೇ ದನಿಗೂಡಿಸುತ್ತಿದ್ದರು. ಚಿಕ್ಕಮ್ಮ, “ಬಾ ಅಕ್ಕ, ಇಲ್ಲೇ ಕೂರುವ” ಎಂದರು. ನಾನೇ ತಡೆದೆ. ಕಾರ್ಡಿನಲ್ಲಿ ‘ಗೇಟ್ 2, ಮುಂದಿನ ಸಾಲು’ ಎಂದಿತ್ತು. ಅಮ್ಮನನ್ನು ಸಮಾಧಿಯ ಎದುರೇ ಕೂರಿಸುತ್ತೇನೆ ಎಂದು ಗೇಟ್ ಹುಡುಕುತ್ತಾ ಕರೆದುಕೊಂಡು ಹೋದೆ. ಒಂದು ಸುತ್ತು ಹಾಕಿದೆವು. ಕಾವೇರಿ ಬದಿಗೆ ಹೋದೆವು, ಹಿಂದೆ ಬಂದೆವು. ನಾಟ ಮುಗಿದು ಗೌಳ ಬಂತು. ಕೊನೆಗೆ ಒಬ್ಬರು ವಯಸ್ಸಾದ ಸ್ವಯಂಸೇವಕರಿಗೆ ಕಾರ್ಡು ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, “ಇಂಗೆ ಪಾಸ್ ಎಲ್ಲಾಂ ಇಲ್ಲೈಂಗ, ಎಲ್ಲಾರುಂ ವರಲಾಂ” ಎಂದರು. ಇಲ್ಲಿ ಪಾಸ್ ಗೀಸ್ ಎಂಥದೂ ಇಲ್ಲ, ಎಲ್ಲರೂ ಬರಬಹುದು ಎಂದು. ಗೇಟ್ 2 ಎಂಬುದೇ ಇರಲಿಲ್ಲ.

ತಿರುಗಿ ಬರುವಾಗ ಅಂಚಿನ ಜಾಗವೂ ತುಂಬಿತ್ತು. ಆರಭಿ ನಡೆಯುತ್ತಿತ್ತು. ಅಮ್ಮ ಕಂಬದ ಪಕ್ಕ ನಿಂತರು. ಕೈಯಲ್ಲಿ ಮಡಚಿದ ಕೊಡೆ ಇತ್ತು, ಅದರ ಹಿಡಿಯ ಮೇಲೆ ಬೆರಳು ಎಣಿಸಿ ಆದಿತಾಳ ಹಾಕುತ್ತಾ ನಡುವಿನ ಚರಣದಿಂದ ಹಾಡಿದರು. ವರಾಳಿ, ಶ್ರೀ ಎರಡನ್ನೂ ನಿಂತೇ ಹಾಡಿದರು. ಒಂದು ಮಾತೂ ಬೈಯಲಿಲ್ಲ. ಆಮೇಲೆ ನೀರು ಕುಡಿಯುವಾಗ, “ನಾಟ ಒಂದು ಸಿಕ್ಕಿದ್ದರೆ ಸಾಕಿತ್ತು” ಎಂದರು. ನನಗೆ ಈಗಲೂ ರಾತ್ರಿ ನೆನಪಾಗುವುದು ಅದೇ ಮಾತು.

ಪಾಸ್ ಇಲ್ಲದೇ ಹೋಗಿದ್ದರೆ ಅಮ್ಮ ನಾಟಕ್ಕೆ ಕೂತಿರುತ್ತಿದ್ದರು. ಹಾಗಾಗಿ ಇದು ಬರೀ ದುಡ್ಡಿನ ಮೋಸ ಅಲ್ಲ.

‘ಪೂರ್ಣ ಕಚೇರಿ’ ಎಂಬುದೂ ಸುಳ್ಳು. ಆರಾಧನೆ ಐದು ದಿನ ನಡೆಯುತ್ತದೆ, ಅಲ್ಲಿ ಒಬ್ಬರ ಹಿಂದೆ ಒಬ್ಬರು ಬಂದು ಸ್ವಲ್ಪ ಹೊತ್ತು ಹಾಡಿ ಇಳಿಯುತ್ತಾರೆ. ದೊಡ್ಡ ಹೆಸರಿನವರಿಗೂ ಸಿಗುವುದು ಕೆಲವೇ ನಿಮಿಷ. ಅದು ಗುರುವಿಗೆ ಸಲ್ಲಿಸುವ ಸೇವೆ. ಎರಡೂವರೆ ಗಂಟೆಯ ಕಚೇರಿ ಬೇಕಾದವರು ಡಿಸೆಂಬರಿನ ಸಂಗೀತೋತ್ಸವಕ್ಕೆ ಚೆನ್ನೈಗೆ ಹೋಗುವುದು ಒಳ್ಳೆಯದು. ತಿರುವಯ್ಯಾರಿನ ಖುಷಿ ಬೇರೆ ರೀತಿಯದು.

ಅಲ್ಲಿ ಒಂದು ಜಾಗವನ್ನು ನಮಗೆ ಯಾರೂ ತೋರಿಸಲಿಲ್ಲ, ಚಿಕ್ಕಮ್ಮನೇ ಹುಡುಕಿದರು. ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಸ್ಮಾರಕ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು, ದೇವದಾಸಿ ಮನೆತನದವರು. ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ಅವರು, ತಮ್ಮ ಸಂಪಾದನೆಯನ್ನೆಲ್ಲ ಸುರಿದು. ಆ ಕಾಲದಲ್ಲಿ ಹೆಂಗಸರಿಗೆ ಅಲ್ಲಿ ಹಾಡಲು ಬಿಡುತ್ತಿರಲಿಲ್ಲ. ಅದಕ್ಕೂ ಅವರೇ ಹೋರಾಡಿದರು. 1952ರಲ್ಲಿ ತೀರಿಕೊಂಡರು. ಈಗ ಅವರ ಮೂರ್ತಿ ಸಮಾಧಿಯ ಕಡೆಗೇ ಮುಖ ಮಾಡಿ ಕೂತಿದೆ. ಅಮ್ಮ ಅಲ್ಲಿ ತುಂಬ ಹೊತ್ತು ಕೂತರು. ಕನ್ನಡದವರು ಹೋದರೆ ಇದನ್ನು ಬಿಡಬೇಡಿ.

ಇನ್ನು ತಂಜಾವೂರು. ಮಧ್ಯಾಹ್ನ ಒಂದೂವರೆಗೆ ದೊಡ್ಡ ದೇವಸ್ಥಾನದ ಎದುರು ಇಳಿಸಿದರು. ಮಧ್ಯಾಹ್ನ ಹನ್ನೆರಡೂವರೆಯಿಂದ ನಾಲ್ಕರವರೆಗೆ ದರ್ಶನ ಇಲ್ಲ. ತಮಿಳುನಾಡಿನ ಹೆಚ್ಚಿನ ದೇವಸ್ಥಾನಗಳಲ್ಲಿ ಹೀಗೆಯೇ, ಇದು ಸಣ್ಣ ಮಕ್ಕಳಿಗೂ ಗೊತ್ತು. ಆ ಹೊತ್ತಿಗೆ ಅರಮನೆಗೆ ಹೋಗಬಹುದಿತ್ತು. ಮರಾಠರ ಅರಮನೆ, ಅದರ ಆವರಣದಲ್ಲಿ ಸರಸ್ವತಿ ಮಹಲ್ ಗ್ರಂಥಾಲಯ, ಚೋಳರ ಕಂಚಿನ ಮೂರ್ತಿಗಳ ಗ್ಯಾಲರಿ ಎಲ್ಲ ಇದೆ. ಈ ಮರಾಠ ಮನೆತನ ತಂಜಾವೂರಿಗೆ ಹೋದದ್ದೂ ನಮ್ಮ ಬೆಂಗಳೂರಿನಿಂದಲೇ. ಶಿವಾಜಿಯ ತಂದೆ ಶಹಾಜಿಯ ಇನ್ನೊಬ್ಬ ಮಗ ಏಕೋಜಿ ಬಿಜಾಪುರದ ಸೇನೆಯ ಜೊತೆ ಹೋಗಿ ಅಲ್ಲಿ ನೆಲೆ ನಿಂತವನು. ಅದೆಲ್ಲ ನೋಡುವ ಆಸೆ ನನಗಿತ್ತು. ನಾವು ಎರಡೂವರೆ ಗಂಟೆ ಕಾರಿನಲ್ಲಿ, ಮರದ ಬುಡದಲ್ಲಿ ಕಳೆದೆವು. ಆಮೇಲೆ ಅರಮನೆಗೆ ಟೈಮ್ ಇಲ್ಲ ಎಂದರು.

ಗೈಡ್ ಎಂದು ಬಂದ ಹುಡುಗ ಮೊದಲು ಹೇಳಿದ್ದೇ, “ಈ ಗೋಪುರದ ನೆರಳು ನೆಲಕ್ಕೆ ಬೀಳುವುದಿಲ್ಲ” ಎಂದು. ಆಗ ಸಂಜೆ ನಾಲ್ಕೂಕಾಲು. ಅಂಗಳದ ಕಲ್ಲು ಕಾದು ಕಾಲು ಸುಡುತ್ತಿತ್ತು, ನಾವೆಲ್ಲ ತಂಪು ಹುಡುಕಿ ಒಂದು ಕಡೆ ನಿಂತಿದ್ದೆವು. ಮಗಳು ಮೇಲೆ ನೋಡಿ, ಕೆಳಗೆ ನೋಡಿ, “ಅಪ್ಪಾ, ನಾವು ನಿಂತದ್ದೇ ಅದರ ನೆರಳಲ್ಲಿ ಅಲ್ವಾ?” ಎಂದು ಕೇಳಿದಳು. ಹೌದು, ಅದೇ ನೆರಳು.

ನಿಜವಾಗಿ ಹೇಳಬೇಕಾದ್ದು ಅಲ್ಲಿ ಎಷ್ಟು ಇದೆ! ಒಂದನೇ ರಾಜರಾಜ ಚೋಳ 1010ರಲ್ಲಿ ಪೂರ್ತಿ ಮಾಡಿದ ದೇವಸ್ಥಾನ. ಗರ್ಭಗುಡಿಯ ಮೇಲೆ 200 ಅಡಿ ದಾಟುವ ಗೋಪುರ, ಅದನ್ನು ವಿಮಾನ ಎನ್ನುತ್ತಾರೆ. ಹೆಚ್ಚುಕಡಿಮೆ ಇಡೀ ದೇವಸ್ಥಾನವೇ ಗಟ್ಟಿ ಗ್ರಾನೈಟ್ ಕಲ್ಲಿನದು. ತಂಜಾವೂರಿನ ಸುತ್ತ ಬರೀ ಗದ್ದೆ. ಅಷ್ಟು ಕಲ್ಲನ್ನೂ ದೂರದಿಂದ ಸಾಗಿಸಿ ತಂದದ್ದು. ಗೋಡೆಯ ತುಂಬ ಶಾಸನ. ಅದರಲ್ಲಿ ದೇವಸ್ಥಾನಕ್ಕೆ ನೇಮಿಸಿದ 400 ನರ್ತಕಿಯರ ಹೆಸರು, ಯಾವ ಬೀದಿಯ ಎಷ್ಟನೇ ಮನೆ ಯಾರಿಗೆ ಎಂಬ ಲೆಕ್ಕ ಸಮೇತ ಕೆತ್ತಿದ್ದಾರೆ. ಬೆಳಿಗ್ಗೆ ನಾಗರತ್ನಮ್ಮನವರ ಮೂರ್ತಿ ನೋಡಿ ಬಂದ ಅಮ್ಮನಿಗೆ ಅದನ್ನು ಯಾರಾದರೂ ಓದಿ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಯಾರೋ ಅಷ್ಟೇ ಹೇಳಿ ಕಳಿಸಿದ್ದು.

ವರ್ಣಚಿತ್ರದ ವಿಷಯ ಮಾತ್ರ ಪೂರ್ತಿ ಮೋಸ. ಚೋಳರ ಚಿತ್ರಗಳು ಇರುವುದು ಗರ್ಭಗುಡಿಯ ಸುತ್ತಲಿನ ಒಳ ಪ್ರದಕ್ಷಿಣೆಯ ಓಣಿಯಲ್ಲಿ. ಅದರ ಮೇಲೆ, ಆಮೇಲೆ ತಂಜಾವೂರು ಆಳಿದ ನಾಯಕ ಅರಸರ ಕಾಲದಲ್ಲಿ, ಬೇರೆ ಚಿತ್ರ ಬರೆದಿದ್ದರು, ಅಡಿಯಲ್ಲಿ ಚೋಳರದ್ದು ಇದೆ ಎಂದು ಗೊತ್ತಾದದ್ದೇ 1931ರಲ್ಲಿ. ಆ ಓಣಿಗೆ ಸಾಮಾನ್ಯ ಜನರನ್ನು ಬಿಡುವುದಿಲ್ಲ. ಬಿಡದಿರುವುದೇ ಸರಿ, ಚಿತ್ರ ಉಳಿಯಬೇಕಲ್ಲ. ಹಾಗಿರುವಾಗ ‘ದರ್ಶನ’ ಎಂದು ದುಡ್ಡು ತೆಗೆದುಕೊಳ್ಳುವುದು ಎಂಥ ನ್ಯಾಯ? ಪ್ಯಾಕೇಜಿನ ಲೆಕ್ಕದಲ್ಲಿ ‘ದೇವಸ್ಥಾನ ಪ್ರವೇಶ’ ಎಂದೂ ತಲೆಗೆ 150 ಹಾಕಿದ್ದರು.

ಮೂರನೇ ದಿನದ ಕಥೆ ಉದ್ದ ಮಾಡುವುದಿಲ್ಲ. ಉಳಿದ ಎರಡು ಚೋಳ ದೇವಸ್ಥಾನಗಳಲ್ಲಿ ಗಂಗೈಕೊಂಡ ಚೋಳಪುರದ್ದು ಒಂದು ಕಡೆ, ಕುಂಭಕೋಣದ ಹತ್ತಿರದ ದಾರಾಸುರದ್ದು ಇನ್ನೊಂದು ಕಡೆ. ಹತ್ತು ಗಂಟೆಗೆ ತಿರುಚ್ಚಿ ಬಿಟ್ಟರೆ ಗಂಗೈಕೊಂಡಕ್ಕೆ ಮುಟ್ಟುವಾಗ ಬಾಗಿಲು ಹಾಕುವ ಹೊತ್ತು. ದಾರಾಸುರ ಒಂದು ಸಿಕ್ಕಿತು, ಸಂಜೆ ಅರ್ಧ ಗಂಟೆ. ರಥದ ಹಾಗೆ ಚಕ್ರ, ಕುದುರೆ ಕೆತ್ತಿದ ಮಂಟಪ ನೋಡಿ ಮಗಳು ಅಲ್ಲಿಂದ ಬರಲು ಒಪ್ಪಲಿಲ್ಲ. ಡ್ರೈವರ್ ಹಾರ್ನ್ ಹಾಕುತ್ತಿದ್ದ.

ಹೋಗುವವರು ಹೀಗೆ ಮಾಡಿ. ತಿಥಿಯನ್ನು ಪಂಚಾಂಗದಲ್ಲಿ ನೋಡಿ. ರೈಲಿನ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಪೊಂಗಲ್ ಹತ್ತಿರ ಬಂದರೆ ಬೇಗ ಖಾಲಿಯಾಗುತ್ತದೆ. ತಂಜಾವೂರಿನಲ್ಲೇ ಉಳಿಯಿರಿ, ಅಲ್ಲಿಂದ ತಿರುವಯ್ಯಾರಿಗೆ ಬಸ್ಸು ಇದೆ. ಪಂಚರತ್ನ ಹಾಡುವ ಆ ತಿಥಿಯ ದಿನ ಬೆಳಿಗ್ಗೆ ಏಳು ಗಂಟೆಯೊಳಗೆ ಪೆಂಡಾಲಿನಲ್ಲಿ ಕೂತುಬಿಡಿ, ನೀರು ಮತ್ತು ಒಂದು ಸಣ್ಣ ಚಾಪೆ ಇರಲಿ. ಮಧ್ಯಾಹ್ನ ಅರಮನೆ, ಸಂಜೆ ನಾಲ್ಕರ ಮೇಲೆ ದೊಡ್ಡ ದೇವಸ್ಥಾನ. ಕತ್ತಲಾಗುವವರೆಗೆ ಅಲ್ಲೇ ಇರಿ, ಆ ಬಿಸಿಲು ಇಳಿಯುವಾಗ ಕಲ್ಲಿನ ಬಣ್ಣ ನೋಡಬೇಕು. ದಾರಾಸುರ, ಗಂಗೈಕೊಂಡಕ್ಕೆ ಬೇರೆಯೇ ಒಂದು ದಿನ ಇಡಿ, ಒಂದು ಬೆಳಿಗ್ಗೆ, ಒಂದು ಸಂಜೆ.

ಊರಿಗೆ ಬಂದು ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಹಣ ಕಳಿಸಿದ ದಾಖಲೆ, ಪೋಸ್ಟರ್, ಕಾರ್ಡಿನ ಫೋಟೋ ಎಲ್ಲ ಇಟ್ಟುಕೊಂಡದ್ದು ಉಪಯೋಗಕ್ಕೆ ಬಂತು. 47,500ರಲ್ಲಿ 8,000 ವಾಪಸ್ ಬಂದಿದೆ. ನಿಮ್ಮಿಂದ ದುಡ್ಡು ತೆಗೆದುಕೊಂಡು ಫೋನೇ ಎತ್ತದಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ.

ಆ ಕಾರ್ಡು ಹೀಗಿದೆ: ಅರಶಿನ ಬಣ್ಣದ ದಪ್ಪ ಕಾಗದ, ಮೇಲೆ ವೀಣೆಯ ಚಿತ್ರ, ಚಿನ್ನದ ಬಣ್ಣದಲ್ಲಿ ವಿಐಪಿ, ಕೆಳಗೆ ಪೆನ್ನಿನಲ್ಲಿ ಬರೆದ ನಂಬರು. ಸಹಿ ಇಲ್ಲ, ಸೀಲು ಇಲ್ಲ. ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಸಂಗೀತ ಕಲಿಸುವವರು, ಕಲಿಯುವವರು ತುಂಬ ಮಂದಿ ಇದ್ದಾರೆ. ಅವರಲ್ಲಿ ಯಾರಾದರೂ ಇಂಥ ಕಾರ್ಡು ತೋರಿಸಿದರೆ, ಹೊರಡುವ ಮೊದಲೇ ಇದನ್ನು ಓದಿ ಹೇಳಿ.