'ನಾನು' ಅನ್ನದ ರ್‍ಯಾಪ್: ಕ್ಲಿಪ್ಪಿಂಗ್ ತಂಡದ 'ಸ್ಪ್ಲೆಂಡರ್ ಅಂಡ್ ಮಿಸರಿ'

ಈ ಆಲ್ಬಂ ಹಾಕಿ, ಈಗ ಡ್ರಮ್ ಬೀಳುತ್ತೆ, ಈಗ ಬೀಳುತ್ತೆ ಅಂತ ಕಾಯುತ್ತಾ ಕೂತಿದ್ದೆ. ಬಂದಿದ್ದು ಯಂತ್ರದ ಗುಂಯ್‌ಗುಟ್ಟುವ ಸದ್ದು, ರೇಡಿಯೋ ಸರಿಯಾಗಿ ಸಿಗದಾಗಿನ ಕರಕರ, ಅದರ ಮೇಲೆ ಒಬ್ಬನೇ ಒಬ್ಬ ಉಸಿರು ತೆಗೆದುಕೊಳ್ಳದ ಹಾಗೆ ಹೇಳುತ್ತಾ ಹೋಗುವ ಮಾತು. ಹಿಪ್ ಹಾಪ್ ವರ್ಷಗಳಿಂದ ಕೇಳುತ್ತಿದ್ದೇನೆ, ಆದರೆ ಇಂಥದ್ದು ಕೇಳಿರಲಿಲ್ಲ. ಆವತ್ತೇ ಮೂರು ಸಲ ಕೇಳಿದೆ.

ಕ್ಲಿಪ್ಪಿಂಗ್ ಲಾಸ್ ಏಂಜಲೀಸ್‌ನ ಮೂವರ ತಂಡ. ಸದ್ದು ಕಟ್ಟುವವರು ವಿಲಿಯಂ ಹಟ್ಸನ್ ಮತ್ತು ಜೊನಾಥನ್ ಸ್ನೈಪ್ಸ್. ರ್‍ಯಾಪ್ ಡೇವೀಡ್ ಡಿಗ್ಸ್ ಅವರದು. 'ಹ್ಯಾಮಿಲ್ಟನ್' ಎಂಬ ಅಮೆರಿಕದ ಸಂಗೀತ ನಾಟಕದಲ್ಲಿ ಜೆಫರ್ಸನ್ ಆಗಿ 2016ರಲ್ಲಿ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಗೆದ್ದರಲ್ಲ, ಅವರೇ. ರೆಕಾರ್ಡಿಂಗ್ ಮಾಡುವವರಿಗೆ ಕ್ಲಿಪ್ಪಿಂಗ್ ಅಂದರೆ ಗೊತ್ತಿರುತ್ತದೆ: ಸದ್ದು ಮಿತಿ ಮೀರಿದಾಗ ಅಲೆಯ ತುದಿ ಕತ್ತರಿಸಿ ಹೋಗಿ ಸೀಳುದನಿ ಬರುವುದು. ಬೇರೆಯವರು ತೆಗೆದು ಹಾಕುವ ಆ ಕೊಳೆಯಲ್ಲೇ ಇವರು ಹಾಡು ಮಾಡುತ್ತಾರೆ. 2014ರ ಆಲ್ಬಂನಲ್ಲಂತೂ ಅಲಾರಂ ಗಡಿಯಾರದ ಬೀಪ್ ಬೀಪ್ ಮೇಲೇ ಒಂದು ಹಾಡಿದೆ.

'ಸ್ಪ್ಲೆಂಡರ್ ಅಂಡ್ ಮಿಸರಿ' ಬಂದಿದ್ದು 2016ರಲ್ಲಿ. ಸುಮಾರು 37 ನಿಮಿಷ, ಒಂದೇ ಕತೆ. ಗುಲಾಮರನ್ನು ಸಾಗಿಸುವ ಬಾಹ್ಯಾಕಾಶ ನೌಕೆಯಲ್ಲಿ ದಂಗೆ ಆಗುತ್ತದೆ, ಒಬ್ಬ ಮಾತ್ರ ಉಳಿಯುತ್ತಾನೆ. ಅವನಿಗೆ ಹೆಸರಿಲ್ಲ, ಸರಕು ಸಂಖ್ಯೆ 2331 ಅಷ್ಟೇ. ನೌಕೆಯ ಕಂಪ್ಯೂಟರ್ ಮೊದಲು ಅವನ ಮೇಲೆ ದೂರು ಕೊಡುತ್ತದೆ, ನೋಡುತ್ತಾ ನೋಡುತ್ತಾ ಅವನನ್ನೇ ಪ್ರೀತಿಸತೊಡಗುತ್ತದೆ. ನಡುನಡುವೆ ವಾದ್ಯವಿಲ್ಲದೆ ಬರೀ ಕೊರಳುಗಳ ಹಾಡು ಬರುತ್ತದೆ, ಅಮೆರಿಕದ ಕಪ್ಪು ಗುಲಾಮರು ಹೊಲಗಳಲ್ಲಿ ಹಾಡುತ್ತಿದ್ದ ಪ್ರಾರ್ಥನೆಗಳ ಧಾಟಿಯಲ್ಲಿ. ಅಷ್ಟೊಂದು ಲೋಹದ ಸದ್ದು ಕೇಳಿದ ಮೇಲೆ ಆ ದನಿಗಳು ಬಂದಾಗ ನನಗೆ ಗಂಟಲು ಕಟ್ಟಿತು.

ನನ್ನನ್ನು ಜಾಸ್ತಿ ಹಿಡಿದಿದ್ದು ಬೇರೆಯೇ. ಈ ತಂಡಕ್ಕೆ ಒಂದು ಕಟ್ಟುಪಾಡಿದೆ: ಡಿಗ್ಸ್ ರ್‍ಯಾಪ್‌ನಲ್ಲಿ 'ನಾನು' ಅನ್ನುವುದಿಲ್ಲ. ರ್‍ಯಾಪ್ ಅಂದರೆ ನಾನು ಎಲ್ಲಿಂದ ಬಂದೆ, ನಾನು ಏನು ಗೆದ್ದೆ, ಅದೇ ಅಲ್ವಾ ಬಹುಪಾಲು? ಇಲ್ಲಿ ಅದನ್ನು ತೆಗೆದರೆ ಉಳಿಯುವುದು 'ಅವನು', 'ನೀನು'. ಹೇಳುವವನು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಆ ಖಾಲಿ ಜಾಗಕ್ಕೆ ಕೇಳುವ ನಾವು ಬಂದು ನಿಲ್ಲುತ್ತೇವೆ. ಹೆಸರನ್ನೇ ಕಿತ್ತುಕೊಂಡ ಮನುಷ್ಯನ ಕತೆಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಹೊಳೆಯುತ್ತಿಲ್ಲ.

ಕೊರತೆ ಇಲ್ಲ ಅಂತಲ್ಲ. ಕೆಲವು ತುಣುಕುಗಳು ಶುರುವಾಗುವಷ್ಟರಲ್ಲಿ ಮುಗಿಯುತ್ತವೆ, ಕತೆ ಗೊತ್ತಿಲ್ಲದೆ ಕೇಳಿದರೆ ಎಲ್ಲಿದ್ದೇವೆ ಅಂತಲೇ ತಿಳಿಯುವುದಿಲ್ಲ. ಸುಮ್ನೆ ಹಿನ್ನೆಲೆಯಲ್ಲಿ ಹಾಕಿಕೊಂಡು ಕೆಲಸ ಮಾಡುವ ಆಲ್ಬಂ ಇದಲ್ಲ. ಫೋನಿನ ಸ್ಪೀಕರಿನಲ್ಲಿ ಕೇಳಲೇಬೇಡಿ, ಕೆಳಗಿನ ಆ ಗುಂಯ್ ಪೂರ್ತಿ ಕಾಣೆಯಾಗುತ್ತದೆ. ತಲೆದೂಗುವ ಬೀಟ್ ಬೇಕೆನ್ನುವವರು ಮೊದಲು 2014ರದ್ದನ್ನು ಕೇಳಿ ಆಮೇಲೆ ಇಲ್ಲಿಗೆ ಬನ್ನಿ. ವೈಜ್ಞಾನಿಕ ಕತೆ ಓದುವವರು ನೇರವಾಗಿ ಇದಕ್ಕೇ ಕೈ ಹಾಕಬಹುದು. 2017ರಲ್ಲಿ, ಅಂಥ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು, ಒಂದು ರ್‍ಯಾಪ್ ಆಲ್ಬಂ!

ಕೊನೆಯ ಹಾಡನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ. ಅಷ್ಟು ಹೊತ್ತು ಕತ್ತಲಲ್ಲಿ ಕೂರಿಸಿದವರು ಅಲ್ಲಿ ಒಮ್ಮೆಗೇ ಕಿಟಕಿ ತೆಗೆಯುತ್ತಾರೆ, ನೌಕೆಯಲ್ಲಿ ಉಳಿದ ಆ ಒಬ್ಬ ಎಲ್ಲಿಗೆ ಅಂತ ಗೊತ್ತಿಲ್ಲದೆಯೇ ಹೊರಡುತ್ತಾನೆ. ನಾನೀಗ ಅವರ 2019ರ ಆಲ್ಬಂಗೆ ಬಂದಿದ್ದೇನೆ. ಅದರ ಕೊನೆಯಲ್ಲಿ ಹದಿನೆಂಟು ನಿಮಿಷ ಒಂದು ಪಿಯಾನೊ ಉರಿಯುವ ಸದ್ದಿದೆ, ತಂತಿಗಳು ಒಂದೊಂದೇ ಹರಿಯುವುದು ಕೇಳುತ್ತದೆ.