ಹಲ್ಲಿನ ವಿಮೆ, ಕೆಲವು ವರ್ಷ ಬಳಸಿದ ಮೇಲೆ: ಶೇಕಡಾ ಆಮೇಲೆ, ಮಿತಿ ಮೊದಲು

ನನ್ನದು ಬರೀ ಹಲ್ಲಿಗೆ ಅಂತಲೇ ಇರುವ ಪಾಲಿಸಿ. ಕೆಲವು ವರ್ಷಗಳಿಂದ ತಪ್ಪದೆ ನವೀಕರಿಸುತ್ತಾ ಬಂದಿದ್ದೇನೆ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ.

ಆಸ್ಪತ್ರೆ ವಿಮೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು ಇದನ್ನು ಕೊಂಡರೆ ಬೇಸರ ಗ್ಯಾರಂಟಿ. ಆಸ್ಪತ್ರೆ ವಿಮೆ ಇರುವುದೇ ದೊಡ್ಡ ಖರ್ಚಿಗೆ. ಹಲ್ಲಿನ ವಿಮೆ ಸಣ್ಣ ಖರ್ಚಿಗೆ ಧಾರಾಳಿ, ದೊಡ್ಡ ಖರ್ಚಿಗೆ ಜಿಪುಣ. ತಪಾಸಣೆ, ಕ್ಲೀನಿಂಗ್, ಮಾಮೂಲಿ ಎಕ್ಸ್-ರೇಗೆ ಕಂಪನಿ ಕೊಡುವುದು ಶೇ. 100. ಫಿಲ್ಲಿಂಗ್, ಹಲ್ಲು ಕೀಳಿಸುವುದಕ್ಕೆ ಶೇ. 80. ಕ್ಯಾಪ್, ಬ್ರಿಡ್ಜ್, ಹಲ್ಲಿನ ಸೆಟ್ಟಿಗೆ ಶೇ. 50. ನನ್ನ ಪಾಲಿಸಿ ಹೀಗಿದೆ, ಎಷ್ಟೋ ಪಾಲಿಸಿಗಳು ಹೀಗೇ ಇರುತ್ತವೆ. ರೂಟ್ ಕೆನಾಲ್ ಮಾತ್ರ ಒಂದು ಕಡೆ 80ರ ಗುಂಪಿನಲ್ಲಿ, ಇನ್ನೊಂದು ಕಡೆ 50ರ ಗುಂಪಿನಲ್ಲಿ. ಕೊಳ್ಳುವ ಮುಂಚೆ ಕೇಳಲೇಬೇಕಾದ ಪ್ರಶ್ನೆ ಅದು.

ಇಷ್ಟು ನೋಡಿದರೆ ಚೆನ್ನಾಗೇ ಇದೆ ಅನಿಸುತ್ತದೆ, ಅಲ್ವಾ? ಆದರೆ ಈ ಶೇಕಡಾ ಎಲ್ಲದರ ಮೇಲೆ ವಾರ್ಷಿಕ ಮಿತಿ ಅಂತ ಒಂದು ಮುಚ್ಚಳ ಇದೆ. ಒಂದು ವರ್ಷದಲ್ಲಿ ಕಂಪನಿ ಕೊಡುವುದು ಇಷ್ಟೇ ಅಂತ. ಅದು ಮುಗಿದ ಮೇಲೆ 80 ಇರಲಿ 50 ಇರಲಿ, ಪೂರ್ತಿ ನಮ್ಮ ಜೇಬಿನಿಂದಲೇ. ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿ, ಮೇಲೊಂದು ಕ್ಯಾಪ್ ಕೂತರೆ ಮಿತಿಯ ದೊಡ್ಡ ಪಾಲು ಅಲ್ಲೇ ಖಾಲಿ. ಅದಕ್ಕೇ ತಿಳಿದವರು ಕೆಲಸವನ್ನು ಎರಡು ಪಾಲಿಸಿ ವರ್ಷಕ್ಕೆ ಹಂಚುತ್ತಾರೆ: ಇದರ ಕೊನೆಗೆ ಒಂದು ಹಲ್ಲು, ಮುಂದಿನದರ ಶುರುವಿಗೆ ಇನ್ನೊಂದು. ನೋವಿಲ್ಲದೆ, ಡಾಕ್ಟರ್ ಕಾಯಬಹುದು ಅಂದರೆ ಮಾತ್ರ. ಸುಮ್ನೆ ದುಡ್ಡು ಉಳಿಸೋಕೆ ಹಲ್ಲು ಕಳೆದುಕೊಳ್ಳಬೇಡಿ.

ಇನ್ನೊಂದು ವಿಷಯ ನಾನು ಯಾರಿಗೆ ಹೇಳಿದರೂ ಎರಡು ಸಲ ಹೇಳಬೇಕಾಗುತ್ತದೆ. ಶೇ. 80 ಅಂದರೆ ನಿಮ್ಮ ಬಿಲ್ಲಿನ 80 ಅಲ್ಲ. ಆ ಕೆಲಸಕ್ಕೆ ಕಂಪನಿ ಒಪ್ಪುವ ದರದ 80. ಡಾಕ್ಟರ್ 100 ಕೇಳಿದರು, ಕಂಪನಿಯ ದರ 70 ಅಂತಿಟ್ಟುಕೊಳ್ಳಿ. 70ರ ಶೇ. 80 ಅಂದರೆ 56 ಬರುತ್ತದೆ. ಡಾಕ್ಟರ್ ನೆಟ್‌ವರ್ಕ್‌ನಲ್ಲಿದ್ದರೆ, ಅಂದರೆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡವರಾದರೆ, ಆ ಒಪ್ಪಂದದ 70ಕ್ಕಿಂತ ಹೆಚ್ಚು ಕೇಳುವಂತಿಲ್ಲ, ನಾವು ಕೊಡುವುದು 14. ಹೊರಗಿನವರಾದರೆ 44. ಇದರ ಜೊತೆಗೆ, ವರ್ಷದ ಮೊದಲ ಇಷ್ಟು ಖರ್ಚು ನಿಮ್ಮದೇ ಅನ್ನುವ ಡಿಡಕ್ಟಿಬಲ್ ಬೇರೆ. ಕ್ಲೀನಿಂಗ್‌ಗೆ ಸಾಮಾನ್ಯವಾಗಿ ಅದು ಬೀಳುವುದಿಲ್ಲ.

ನನ್ನ ಅರ್ಧ ಸ್ಟಾರ್ ಹೋದದ್ದು ಫಿಲ್ಲಿಂಗ್ ವಿಷಯಕ್ಕೆ. ಹಿಂದಿನ ಹಲ್ಲಿಗೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿಸಿದೆ. ಕ್ಲೇಮು ಪಾಸಾಯಿತು, ಆದರೆ ಬೆಳ್ಳಿ ಫಿಲ್ಲಿಂಗ್‌ನ ದರದಲ್ಲಿ. ಪಾಲಿಸಿಯಲ್ಲಿ ‘ಕಡಿಮೆ ಖರ್ಚಿನ ಪರ್ಯಾಯ’ ಅಂತ ಒಂದು ಸಾಲಿದೆ, ಅದರ ಆಟ ಇದು. ನಿಯಮದ ಪ್ರಕಾರ ಸರಿ. ಆದರೂ ಈಗ ಎಷ್ಟು ಜನ ಬೆಳ್ಳಿ ಬಣ್ಣದ್ದು ಹಾಕಿಸಿಕೊಳ್ಳುತ್ತಾರೆ ಹೇಳಿ? ಉಳಿದ ಒಂದು ಸ್ಟಾರ್ ಹೋದದ್ದು ಆ ವಾರ್ಷಿಕ ಮಿತಿಗೆ. ಇಷ್ಟು ವರ್ಷದಲ್ಲಿ ಪ್ರೀಮಿಯಂ ಏರಿದೆ, ಮಿತಿ ಇದ್ದಲ್ಲೇ ಇದೆ.

ಮೆಚ್ಚಿದ್ದು ಅಂದರೆ ಮುಂಗಡ ಅಂದಾಜು. ದೊಡ್ಡ ಕೆಲಸಕ್ಕೆ ಮುಂಚೆ ಕ್ಲಿನಿಕ್‌ನವರು ಎಕ್ಸ್-ರೇ, ಚಿಕಿತ್ಸೆಯ ವಿವರ ಕಳಿಸುತ್ತಾರೆ. ಯಾವುದಕ್ಕೆ ಎಷ್ಟು ಕೊಡುತ್ತೇವೆ ಅಂತ ಕಂಪನಿ ಬರೆದು ಕಳಿಸುತ್ತದೆ. ಅದು ಗ್ಯಾರಂಟಿ ಅಲ್ಲ. ನಡುವೆ ಮಿತಿ ಮುಗಿದರೆ ಅಂದಾಜೂ ಅಷ್ಟೇ. ಆದರೂ ಕ್ಯಾಪ್ ಹಾಕಿಸುವ ಹೊತ್ತಿಗೆ ನನ್ನ ಪಾಲು ಎಷ್ಟು ಅಂತ ಗೊತ್ತಿತ್ತು, ಬಿಲ್ಲು ಬಂದಾಗ ಎದೆ ಧಸಕ್ ಅನ್ನಲಿಲ್ಲ.

ಹೊಸಬರು ಗಮನಿಸಬೇಕಾದ್ದು ಕಾಯುವ ಅವಧಿ. ಕ್ಲೀನಿಂಗ್‌ಗೆ ಸಾಮಾನ್ಯವಾಗಿ ಕಾಯಬೇಕಿಲ್ಲ. ಫಿಲ್ಲಿಂಗ್‌ಗೆ ಕೆಲವು ತಿಂಗಳು, ಕ್ಯಾಪ್‌ನಂಥದ್ದಕ್ಕೆ ವರ್ಷದವರೆಗೂ ಹಿಡಿಯಬಹುದು. ಹಲ್ಲು ನೋವು ಶುರುವಾದ ಮೇಲೆ ಪಾಲಿಸಿ ತೆಗೆದುಕೊಂಡರೆ ಆ ಹಲ್ಲಿಗೆ ಅದು ಒದಗುವುದು ಕಷ್ಟ. ಪಾಲಿಸಿಗೆ ಮುಂಚೆಯೇ ಬಿದ್ದುಹೋದ ಹಲ್ಲಿನ ಜಾಗಕ್ಕೆ ಬ್ರಿಡ್ಜ್, ಇಂಪ್ಲಾಂಟ್ ಕೊಡದಿರುವ ನಿಯಮವೂ ಕೆಲವದರಲ್ಲಿ ಇದೆ. ಹಲ್ಲು ಬಿಳಿ ಮಾಡಿಸುವುದು ಅಂದಕ್ಕೆ ಅಂತ ಲೆಕ್ಕ, ಅದನ್ನು ಮರೆತುಬಿಡಿ. ಹಲ್ಲಿಗೆ ಕ್ಲಿಪ್ ಹಾಕಿಸುವುದಿದ್ದರೆ ಅದರ ಮಿತಿ ಬೇರೆ, ಅದೂ ಹೆಚ್ಚಾಗಿ ಜೀವಮಾನಕ್ಕೆ ಒಂದೇ ಸಲ.

‘ವರ್ಷಕ್ಕೆ ಎರಡು ಕ್ಲೀನಿಂಗ್’ ಮತ್ತು ‘ಆರು ತಿಂಗಳಿಗೊಂದು ಕ್ಲೀನಿಂಗ್’ ಒಂದೇ ಅಲ್ಲ, ಇದನ್ನೂ ನೋಡಿಕೊಳ್ಳಿ. ಎರಡನೆಯದಾದರೆ ನಾಲ್ಕು ದಿನ ಮುಂಚೆ ಹೋದರೂ ಕ್ಲೇಮು ವಾಪಸ್.

ಹಲ್ಲು ಗಟ್ಟಿಯಾಗಿದ್ದು ವರ್ಷಕ್ಕೆ ಎರಡು ಸಲ ತೋರಿಸುವವರು ಮೊದಲು ಪ್ರೀಮಿಯಂ ಮತ್ತು ಎರಡು ಕ್ಲೀನಿಂಗ್ ಖರ್ಚನ್ನು ಪಕ್ಕಪಕ್ಕ ಇಟ್ಟು ನೋಡಿ. ಸರಿಸಮ ಬಂದರೆ ಕೈಯಿಂದಲೇ ಕೊಡುವುದು ವಾಸಿ. ಹಳೇ ಫಿಲ್ಲಿಂಗ್‌ಗಳು, ಒಸಡಿನ ತೊಂದರೆ ಇರುವವರಿಗೆ ಇದು ಕೆಲಸಕ್ಕೆ ಬರುತ್ತದೆ. ನಾನು ಆ ಗುಂಪಿನವನು, ಹಾಗಾಗಿ ಈ ವರ್ಷವೂ ನವೀಕರಿಸಿದ್ದೇನೆ. ಇಂಪ್ಲಾಂಟ್ ಒಂದು ಬಾಕಿ ಇದೆ, ಅದಕ್ಕೆ ಮಾತ್ರ ಬೇರೆಯಾಗಿ ದುಡ್ಡು ಕೂಡಿಡುತ್ತಿದ್ದೇನೆ.